ಕೆನ್ನೆ ಮಾಡಿದ ಕರೆ

ನನ್ನ ಕೆನ್ನೆಗೆ ಸ್ವಂತ ಬುದ್ಧಿ ಇದೆ. ಜಂಬದಿಂದ ಹೇಳುತ್ತಿಲ್ಲ, ಮನೆಯವರ ಪ್ರಕಾರ ನನ್ನ ಮೈಯಲ್ಲಿ ಬುದ್ಧಿ ಇರುವ ಜಾಗ ಅದೊಂದೇ. ಫೋನನ್ನು ಕಿವಿಗೆ ಹಿಡಿದ ಕೂಡಲೇ ಸ್ಕ್ರೀನ್ ಆರಿಹೋಗಬೇಕು, ಮುಖ ತಾಗಿದರೂ ಏನೂ ಆಗಬಾರದು. ಅದಕ್ಕೆಂದೇ ಫೋನಿನ ತಲೆಯ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಸೆನ್ಸರ್ ಇರುತ್ತದಂತೆ. ನನ್ನ ಫೋನು ಎನ್.ಆರ್. ಪುರದಲ್ಲಿ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದ ದಿನವೇ ಆ ಸಾಸಿವೆ ಕುರುಡಾಯಿತು. ಅಂದಿನಿಂದ ನಾನು ಬಾಯಲ್ಲಿ ಒಂದು ಮಾತಾಡುತ್ತಿದ್ದರೆ ಕೆನ್ನೆ ತನ್ನ ಪಾಡಿಗೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಟಾರ್ಚ್ ಹಚ್ಚುತ್ತದೆ, ಅಲಾರಾಂ ಇಡುತ್ತದೆ, ಸಾವಿನ ಸುದ್ದಿಗೆ ನಗುವ ಗೊಂಬೆ ಕಳಿಸುತ್ತದೆ. ಒಮ್ಮೆ ನಮ್ಮ ವಾಲಿಬಾಲ್ ಗ್ರೂಪಿನಿಂದ ಕ್ಯಾಪ್ಟನ್ನನ್ನೇ ಹೊರಗೆ ಹಾಕಿತು. ಕ್ಷಮೆ ಕೇಳಲು ಫೋನ್ ಮಾಡಿದರೆ ಅರ್ಧ ಮಾತಿನಲ್ಲಿ ಕರೆಯನ್ನೂ ಕತ್ತರಿಸಿತು. ನನಗೆ ಕೊಬ್ಬು ಜಾಸ್ತಿ ಎಂದು ಕೊಪ್ಪದಲ್ಲೆಲ್ಲ ಸುದ್ದಿಯಾಯಿತು. ಕೊಬ್ಬು ಇರುವುದು ನಿಜ, ಆದರೆ ಅದು ಕೆನ್ನೆಯದು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಅಣಕ ಮಾಡುವವನು. ಬಸ್ಸಿನ ಕಂಡಕ್ಟರು, ಪಶು ಡಾಕ್ಟರು, ಭಾಷಣಕ್ಕೆ ಎದ್ದರೆ ಕೂರದ ನಮ್ಮ ಹಳೆಯ ಹೆಡ್‌ಮಾಸ್ಟರು, ಯಾರ ದನಿ ಬೇಕಾದರೂ ಕೇಳಿ, ತೆಗೆದುಕೊಡುತ್ತೇನೆ. ಎಲ್ಲರಿಗಿಂತ ಸಲೀಸಾಗಿ ಬರುವುದು ನಮ್ಮ ದೊಡ್ಡಪ್ಪನದು. ಅವರು ಮೂರು ಸಲ ಗಂಟಲು ಸರಿಮಾಡಿಕೊಂಡು, ಎದುರಿನವರು ಇನ್ನೂ ಏನೂ ಹೇಳದಿದ್ದರೂ, "ಅದು ಹಂಗಲ್ಲ" ಎಂದು ಶುರುಮಾಡುತ್ತಾರೆ. ಇಷ್ಟು ದಿನ ಇದನ್ನು ಅವರ ಬೆನ್ನ ಹಿಂದೆ ಮಾಡುತ್ತಿದ್ದೆ. ಅವರ ಎದುರಿಗೇ, ಅವರ ಅಪ್ಪಣೆಯ ಮೇಲೇ ಮಾಡುವ ದಿನ ಬರುತ್ತದೆಂದು ಯಾರು ಎಣಿಸಿದ್ದರು!

ದೊಡ್ಡಪ್ಪನ ಮಗಳು ಸಹನಾಳ ಮದುವೆ. ನಮ್ಮ ನೆಂಟರಲ್ಲಿ ಕಾರ್ಡ್ ಕೊಟ್ಟು ಬಂದರೆ ಕರೆದ ಹಾಗಲ್ಲ. ಅದು ಬರೀ ಸುದ್ದಿ ಮುಟ್ಟಿಸಿದ ಹಾಗೆ. ಮದುವೆಗೆ ನಾಲ್ಕು ದಿನ ಇರುವಾಗ ಮನೆಯ ಯಜಮಾನ ತನ್ನ ಬಾಯಿಂದಲೇ ಇನ್ನೊಮ್ಮೆ ಹೇಳಬೇಕು. ಬೇರೆ ಯಾರಾದರೂ ಹೇಳಿದರೆ "ಹೇಳಿಸಿದರು" ಆಗುತ್ತದೆ, "ಹೇಳಿದರು" ಆಗುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ದೊಡ್ಡಪ್ಪ ಈ ಎರಡನೇ ಕರೆಯನ್ನು ಒಬ್ಬರಿಗೆ ಮಾತ್ರ ಮರೆತಿದ್ದರು. ಆ ಒಬ್ಬರು ದೊಡ್ಡಮ್ಮನ ತಮ್ಮ, ಮೇಗುಂದದ ನಾಗೇಶ ಮಾವ. ಅವರು ಬರಲಿಲ್ಲ. ಇವರು ತಪ್ಪಾಯಿತು ಅನ್ನಲಿಲ್ಲ. ಈ ಸಲ ಕಾರ್ಡ್ ಕೊಡಲು ಹೋದಾಗಲೂ ಇಬ್ಬರೂ ಮಳೆಯ ವಿಷಯ ಮಾತ್ರ ಮಾತಾಡಿದರಂತೆ. ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಅವರು ಬಾರದಿದ್ದರೆ ತಾನು ಛತ್ರದ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂದು ದೊಡ್ಡಮ್ಮ ಹೇಳಿಯಾಗಿತ್ತು.

ಇಂಥ ಹೊತ್ತಿನಲ್ಲಿ ದೊಡ್ಡಪ್ಪ ಶಾಮಿಯಾನದವನ ಜೊತೆ ಅರ್ಧ ದಿನ ಕೂಗಾಡಿ ಬಂದು ದನಿ ಕಳೆದುಕೊಂಡರು. ಮೂರು ದಿನದ ಮಟ್ಟಿಗೆ ಪಿಸುಮಾತೂ ಕೂಡದು ಎಂದರು ಡಾಕ್ಟರು. ಖುದ್ದಾಗಿ ಮೇಗುಂದಕ್ಕೆ ಹೋಗಿ ಬನ್ನಿ ಅಂದರೆ, ಹೋಗಿ ಬಾಯಿ ಬಿಡದೆ ನಿಂತರೆ ಇನ್ನೂ ಮುನಿಸಿದೆ ಅಂದುಕೊಳ್ಳುತ್ತಾನೆ ಎಂದು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿ ಬರೆದರು: "ನನ್ನ ದನಿ ತೆಗೆಯುತ್ತೀಯಂತೆ. ತೆಗೆ."

ನನಗಾದ ಸಂಭ್ರಮ ಮದುಮಗಳಿಗೂ ಆಗಿರಲಿಕ್ಕಿಲ್ಲ. ದೊಡ್ಡಪ್ಪನ ಕೀಪ್ಯಾಡ್ ಫೋನಿಗೆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅವರು ಯಾರ ಹತ್ತಿರ ಮಾತಾಡಿದರೂ ವೈಫೈ ಹಾಕಿಕೊಂಡು ನನ್ನ ವಾಟ್ಸಾಪಿನಿಂದಲೇ. ಹಾಗಾಗಿ ನಂಬರ್ ನೋಡಿ ಯಾರೂ ಅನುಮಾನ ಪಡುವ ಹಾಗಿರಲಿಲ್ಲ. ದೊಡ್ಡಪ್ಪ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಪೆನ್ನು ಹಿಡಿದು, ನನ್ನಿಂದ ನನಗೇ ಗೊತ್ತಿಲ್ಲದ ಸೂಕ್ಷ್ಮಗಳನ್ನು ಹೊರಡಿಸಿದರು. "ಇಲ್ಲಿ ಕೆಮ್ಮು." "ಇಷ್ಟು ಕೆಮ್ಮಬೇಡ, ನಾನೇನು ಕಾಯಿಲೆಯವನಾ?" ಶೃಂಗೇರಿಯ ಅತ್ತೆಗೆ ಮಾಡಿದ ಕರೆಯಲ್ಲಂತೂ ನಾನು ಆ ಕಡೆಯ ದನಿಗೆ ಕಿವಿಗೊಡದೆ ಹತ್ತು ನಿಮಿಷ ಅದ್ಭುತವಾಗಿ ಮಾತಾಡಿದೆ. ಅತ್ತೆಯ ಯೋಗಕ್ಷೇಮ, ಹಸುವಿನ ಯೋಗಕ್ಷೇಮ, ಒಂದೂ ಬಿಡಲಿಲ್ಲ. ಕೊನೆಗೆ ನೋಡಿದರೆ ಮೊದಲ ಕೆಮ್ಮಿಗೇ ಕೆನ್ನೆ ಮ್ಯೂಟ್ ಒತ್ತಿತ್ತು. ಅತ್ತೆ ಆ ಕಡೆಯಿಂದ, ಅಣ್ಣ ಕೆಮ್ಮಿ ಸುಮ್ಮನಾದ, ಮತ್ತೆ ಮಾತಿಲ್ಲ ಎಂದು ಗಾಬರಿಯಾಗಿ ದೇವರಿಗೆ ಹರಕೆ ಹೊತ್ತಾಗಿತ್ತು.

ನಾಗೇಶ ಮಾವನ ಸರದಿ ಬಂದಾಗ ದೊಡ್ಡಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ನನಗೆ ಭಯವಾಗದೆ ಇರಲಿಲ್ಲ. ಆದರೆ ಗಂಟಲಲ್ಲಿ ಕಲೆ ಇರುವವನಿಗೆ ಭಯ ಒಳ್ಳೆಯ ಮಸಾಲೆ. ಮೂರು ಸಲ ಕೇಕರಿಸಿ, ಅದು ಹಂಗಲ್ಲ ನಾಗೇಶ, ಹಿಂದಿನದನ್ನ ಮನಸ್ಸಲ್ಲಿ ಇಟ್ಕೋಬೇಡ, ಮುಂಚಿನ ದಿನವೇ ಮಕ್ಕಳನ್ನೆಲ್ಲ ಕರ್ಕೊಂಡು ಬಂದ್ಬಿಡು ಎಂದು ಎಷ್ಟು ಚಂದ ಹೇಳಿದೆನೆಂದರೆ ಬಾಗಿಲಲ್ಲಿ ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಂದಿನದನ್ನು ಎತ್ತು ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಅದು ನನ್ನದೇ ಸೇರ್ಪಡೆ. ದೊಡ್ಡಪ್ಪ ಪೆನ್ನು ಎತ್ತಿ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು. ಆ ಕಡೆಯಿಂದ ಮಾವ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ಭಾವ, ನಿಮ್ ಕಿವೀಲಿದ್ದ ಕೂದ್ಲೆಲ್ಲ ಎಲ್ಲಿಗ್ ಹೋಯ್ತು?"

"ಅದು ಹಂಗಲ್ಲ ನಾಗೇಶ, ವಯಸ್ಸಾಯ್ತಲ್ಲ, ಉದ್ರಿ ಹೋಯ್ತು."

"ಉದ್ರಿದ ಜಾಗದಲ್ಲಿ ಎಂತದೋ ಕಪ್ಪು ಟಿಕ್ಕಿ ಹುಟ್ಟಿದ್ಯಲ್ಲ ಮತ್ತೆ?"

ಆ ಕಪ್ಪು ಟಿಕ್ಕಿಯನ್ನು ನಾನು ಎನ್.ಆರ್. ಪುರದ ಸಂತೆಯಲ್ಲಿ ಆಸೆಪಟ್ಟು ಕೊಂಡು ಒಂದೇ ಕಿವಿಗೆ ಹಾಕಿಕೊಂಡಿದ್ದೆ. ಫೋನನ್ನು ಮುಖದ ಎದುರಿಗೆ ತಂದೆ. ಕೆನ್ನೆ ವಿಡಿಯೋ ಒತ್ತಿತ್ತು. ಕೇಳಿದ ಒಪ್ಪಿಗೆಯನ್ನೂ ತಾನೇ ಕೊಟ್ಟಿತ್ತು. ಆ ಕಡೆ ಮಾವ ಸ್ಕ್ರೀನಿನಲ್ಲಿ ಬಂದದ್ದನ್ನೆಲ್ಲ ಒತ್ತುವವರು, ಅವರೂ ಒತ್ತಿದ್ದರು. ಅಷ್ಟು ಹೊತ್ತೂ ನನ್ನ ಕಿವಿ ಮೇಗುಂದದ ಜಗಲಿಯಲ್ಲಿ ದೊಡ್ಡದಾಗಿ ಕಾಣುತ್ತಾ, ದೊಡ್ಡಪ್ಪನ ದನಿಯಲ್ಲಿ ಕ್ಷಮೆ ಕೇಳುತ್ತಿತ್ತು.

ಊರಿನವರ ದನಿಯೆಲ್ಲ ಬಲ್ಲ ನನಗೆ ಆಗ ಒಂದು ದನಿಯೂ ಸಿಗಲಿಲ್ಲ. ದೊಡ್ಡಪ್ಪ ಎದ್ದು ಬಂದರು. ಹೊಡೆಯುತ್ತಾರೆಂದು ನಾನು ಕೆನ್ನೆಯನ್ನು ಮುಂದಕ್ಕೆ ಕೊಟ್ಟೆ. ತಪ್ಪು ಅದರದೇ ತಾನೆ. ಅವರು ಫೋನ್ ಕಿತ್ತುಕೊಂಡು ತಮ್ಮ ಮುಖದ ಎದುರಿಗೆ ಹಿಡಿದರು. ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ತೋರಿಸಿದರು, ನನ್ನನ್ನು ತೋರಿಸಿ ಹಣೆ ಬಡಿದುಕೊಂಡರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು ಹಿಡಿದುಕೊಳ್ಳಲು ಸನ್ನೆ ಮಾಡಿ ಎರಡೂ ಕೈ ಜೋಡಿಸಿದರು. ನನ್ನ ಸೇರ್ಪಡೆಗೆ ಅವರು ಹಾಕಿದ ರುಜು ಅದು.

ಮಾವ ಅದನ್ನು ನೋಡಿದರು. ಆಮೇಲೆ ಹೇಳಿದರು: "ನೀವು ಮಾತಾಡ್ದೆ ನಿಂತಿದ್ದನ್ನ ನಾನು ಹುಟ್ಟಿದ್ ಮೇಲೆ ನೋಡಿರ್ಲಿಲ್ಲ ಭಾವ. ಇದನ್ನ ನೋಡಿದ್ ಮೇಲೂ ಬರ್ದೇ ಇರಕ್ಕಾಗ್ತದಾ? ಮುಂಚಿನ ದಿನವೇ ಬರ್ತೀನಿ. ಆ ಟಿಕ್ಕಿ ಕಿವಿಯವ್ನನ್ನ ಮಾತ್ರ ನಂಗೆ ಒಪ್ಸಿ."

ಬಂದರು. ಸಹನಾಳ ಕೈಹಿಡಿದು ಮಂಟಪಕ್ಕೆ ಕರೆತಂದರು. ಆ ಹೊತ್ತಿಗೆ ದೊಡ್ಡಪ್ಪನ ದನಿ ವಾಪಸ್ಸು ಬಂದಿತ್ತು. ಊಟದ ಪಂಕ್ತಿಯಲ್ಲಿ ಅವರು ಕೇಕರಿಸಿ, ಅದು ಹಂಗಲ್ಲ ನಾಗೇಶ ಎಂದು ಉಪಚಾರ ಶುರುಮಾಡಿದರೆ, ಮಾವ ಹೋಳಿಗೆ ಮುರಿಯುತ್ತಾ, ಫೋನಲ್ಲಿ ಕೇಳಿದ್ದೇ ಒರಿಜಿನಲ್ ಭಾವ, ಇದು ಯಾಕೋ ಅಣಕದ ಹಾಗಿದೆ ಎಂದುಬಿಟ್ಟರು. ಇಡೀ ಪಂಕ್ತಿ ನಕ್ಕಿತು. ದೊಡ್ಡಪ್ಪ ನಗುತ್ತಲೇ ನನ್ನ ಎಲೆಯ ಹೋಳಿಗೆ ಎತ್ತಿ ಮಾವನ ಎಲೆಗೆ ಹಾಕಿದರು.

ಮದುವೆ ಮುಗಿದ ಮೇಲೆ ಕೊಪ್ಪದಲ್ಲಿ ಸೆನ್ಸರ್ ಹೊಸದು ಹಾಕಿಸಿದೆ. ಈಗ ಫೋನು ಮುಖದ ಹತ್ತಿರ ಬಂದರೆ ಒಳ್ಳೆಯ ಹುಡುಗನ ಹಾಗೆ ಕಣ್ಣು ಮುಚ್ಚುತ್ತದೆ, ಕೆನ್ನೆ ನಿರುದ್ಯೋಗಿ. ಮೊನ್ನೆ ನಾಗೇಶ ಮಾವನಿಗೆ ಜ್ವರ ಎಂದು ಕೇಳಿ, ಜೀವಮಾನದಲ್ಲಿ ಮೊದಲ ಸಲ ನನ್ನ ಸ್ವಂತ ದನಿಯಲ್ಲಿ ಅವರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಇದು ಯಾರ ದನಿ ಮಾರಾಯ? ಇವ್ನನ್ನ ನಾನು ಎಲ್ಲೂ ಕೇಳಿಲ್ಲ. ಎಲ್ಲಿ, ಕಿವಿ ತೋರ್ಸು."

ನಾನೇ ಮಾವ ಎಂದು ಆಣೆ ಹಾಕಿದೆ. ಕೇಳಲಿಲ್ಲ. ಕೊನೆಗೆ ನನ್ನ ಕೈಯಾರೆ ವಿಡಿಯೋ ಒತ್ತಿ, ತಲೆ ಓರೆಮಾಡಿ ಕಿವಿ ತೋರಿಸಿದೆ.

"ಹ್ಞಾ," ಎಂದರು ಮಾವ, "ಈಗ ಗುರ್ತಾಯ್ತು."