ಸೋದರಮಾವನ ಕೋಳಿಪುಕ್ಕ

ನಮ್ಮ ಸೋದರಮಾವನಷ್ಟು ಗಂಡಸರ ಬೆನ್ನು ನೋಡಿದವರು ಇಡೀ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ತಪ್ಪು ತಿಳಿಯಬೇಡಿ. ತೊಂಬತ್ತರ ದಶಕದಲ್ಲಿ ಅವರು ಶೀಳನೆರೆ ಕಡೆಯ ಊರುಗಳಲ್ಲಿ ಕುಷ್ಠರೋಗ ಪತ್ತೆಹಚ್ಚುವ ಸರ್ಕಾರಿ ಕೆಲಸದಲ್ಲಿದ್ದರು. ಸರ್ಕಾರ ಕೊಟ್ಟದ್ದು ಒಂದು ಸೈಕಲ್ಲು, ಒಂದು ರಿಜಿಸ್ಟರು. ಉಪಕರಣ ಮಾತ್ರ ಮಾವನ ಸ್ವಂತದ್ದು: ಜೇಬಿನಲ್ಲೊಂದು ಕೋಳಿಪುಕ್ಕ!

ಮೈಮೇಲೆ ಬಿಳಿಚಿದ ಮಚ್ಚೆ ಕಂಡರೆ ಸಾಕು, "ಕಣ್ಮುಚ್ಕೊಳ್ಲಾ. ಮುಟ್ಟುದ್ ತಕ್ಷಣ ಊ ಅನ್ನು" ಎನ್ನುವರು. ಊ ಎಂದರೆ ಪಾಸು. ಪುಕ್ಕ ಸೋಕಿದ್ದೇ ತಿಳಿಯದಿದ್ದರೆ ಆ ಜಾಗ ಮರಗಟ್ಟಿದೆ ಎಂದರ್ಥ. ಮಾತ್ರೆ ಶುರು.

ಆದರೆ ಆ ರೋಗದ ಹೆಸರೆತ್ತಿದರೇ ಜನ ಅಂಗಿಯ ಗುಂಡಿ ಭದ್ರ ಮಾಡಿಕೊಳ್ಳುತ್ತಿದ್ದರು. ಬಿಚ್ಚಿಸುವುದು ಹೇಗೆ? ಮಾವ ಉಪಾಯ ಕಂಡುಕೊಂಡರು. ಅರಿಶಿನ ಶಾಸ್ತ್ರ! ಮದುಮಗ ಬರಿಮೈಯಲ್ಲಿ ಕೂರಲೇಬೇಕಲ್ಲ? ಕರೆದರೂ ಸರಿ, ಕರೆಯದಿದ್ದರೂ ಸರಿ, ಮಾವ ಹಾಜರು. ಊಟಕ್ಕೂ ನಿಲ್ಲದೆ ಬೆನ್ನು ನೋಡಿ ಹೊರಟುಬಿಡುತ್ತಿದ್ದರು. ಒಮ್ಮೆ ಪಾಂಡವಪುರದ ನೆಂಟರ ಮನೆಯಲ್ಲಿ ಗಂಡಿನ ಅಜ್ಜಿ ರೇಗಿಬಿಟ್ಟರು.

"ಹೆಣ್ ಕೊಡೋರೇ ಇಷ್ಟ್ ನೋಡ್ನಿಲ್ಲ. ನೀನ್ಯಾಕಯ್ಯ ಇಂಗ್ ನೋಡ್ತೀಯೆ?"

"ಅವ್ರು ಮೊಕ ನೋಡವ್ರೆ ಕಣಜ್ಜಿ. ಬೆನ್ ನೋಡಕ್ಕೆ ನಾನ್ ಬಂದಿವ್ನಿ!"

ನನ್ನ ಅರಿಶಿನದ ದಿನವೂ ಬಂದರು. ಬೆನ್ನಲ್ಲೊಂದು ಮಚ್ಚೆ ಕಂಡು ಪುಕ್ಕ ತೆಗೆದರು. ಹೆಂಗಸರು ಮುಸಿಮುಸಿ ನಕ್ಕರು. ನಾನು ಕಣ್ಣು ಮುಚ್ಚಿ ಕಾದೆ. ಎಷ್ಟು ಹೊತ್ತು ಕಾಯುವುದು!

"ಬೇಗ ಮುಟ್ಟು ಮಾವ, ಅರಿಶಿನ ಒಣಗ್ತಾ ಅದೆ."

ತಿರುಗಿದರೆ ಮಾವನ ಕಣ್ಣು ತುಂಬಿತ್ತು. ನನ್ನೊಬ್ಬನಿಗೇ ಕೇಳುವಂತೆ ಹೇಳಿದರು: "ಮೂರ್ ಸಲ ಮುಟ್ದೆ ಕಣ್ಲಾ."

ನನ್ನ ಮದುವೆ ಮುರಿಯಿತು ಎಂದುಕೊಂಡೆ. ಮಾವ ನನ್ನನ್ನು ಕೋಣೆಗೆ ಕರೆದೊಯ್ದು, "ಬೇಗ ಸಿಕ್ಕದೆ, ಪೂರ್ತಿ ವಾಸಿಯಾಯ್ತದೆ. ಆದ್ರೆ ಹುಡ್ಗೀಗೆ ಏಳ್ಬೇಕು. ನಾನ್ ಓಗಿ ಏಳ್ಲಾ?" ಎಂದು ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ.

ಆಗಲೇ ನಾಗಮಂಗಲದ ಬಸ್ಸು ಹತ್ತಿದರು. ಹುಡುಗಿಯ ಮುಂದೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದರಂತೆ. ಅವಳು ಒಂದೇ ಮಾತು ಕೇಳಿದಳಂತೆ: "ಮಾತ್ರೆ ಎಷ್ಟೊತ್ಗೆ ಕೊಡ್ಬೇಕು?"

ಧಾರೆ ಮುಗಿದ ಮೇಲೆ ಮೊದಲ ಮಾತ್ರೆಯನ್ನು ಮಾವ ನನ್ನ ಅಂಗೈಗೆ ಹಾಕಿದರು. ಬಾಸಿಂಗ ಬಿಚ್ಚುವ ಮೊದಲೇ ನೀರಿನ ಲೋಟ ಹಿಡಿದು ನಿಂತಿದ್ದಳು ನನ್ನ ಹೆಂಡತಿ.