ಎರಡೂಮುಕ್ಕಾಲು ಮಳವಳ್ಳಿ

ದೂರವೆಂಬುದು ನೆಲದ ಮೇಲಿಲ್ಲ, ಮನುಷ್ಯನ ಮನಸ್ಸಿನಲ್ಲಿದೆ ಎಂದು ತಿಳಿದವರು ಗಂಭೀರವಾಗಿ ಬರೆಯುತ್ತಾರೆ. ಬರೆದವರಾರೂ ಮದ್ದೂರಿನಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಒಂಟಿಕಾಲ ಮೇಲೆ ನಿಂತು ಹೋದವರಲ್ಲ.

ನಮ್ಮ ಚಿಕ್ಕಪ್ಪ ಹೋದವರು. ಮದ್ದೂರಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಬರೆದು ಬರೆದು ನಿವೃತ್ತರಾದ ಅವರಿಗೆ ಕಿಲೋಮೀಟರಿನಲ್ಲಿ ನಂಬಿಕೆಯಿಲ್ಲ. ಅವರ ಅಳತೆಗೋಲು ಒಂದೇ, ಮಳವಳ್ಳಿ. ಒಂದು ಮಳವಳ್ಳಿ ಎಂದರೆ ಒಂದು ಗಂಟೆ. ಮಂಡ್ಯ ಅರ್ಧ ಮಳವಳ್ಳಿ, ಮೈಸೂರು ಎರಡು. ನನಗೆ ಬೆಸಗರಹಳ್ಳಿಯಲ್ಲಿ ಹೆಣ್ಣು ನೋಡಿ ಬಂದವರನ್ನು ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, "ಕಾಲು ಮಳವಳ್ಳಿ" ಎಂದಿದ್ದರು!

ಈ ಹುಚ್ಚಿಗೆ ಕಾರಣ ಅವರ ತಂಗಿ, ಅಂದರೆ ನನ್ನ ಅತ್ತೆ. ಆಕೆಯನ್ನು ಕೊಟ್ಟಿದ್ದು ಮಳವಳ್ಳಿಗೆ. ಪ್ರತಿ ಗೌರಿ ಹಬ್ಬಕ್ಕೂ ಚಿಕ್ಕಪ್ಪ ಮೊರದ ಮೇಲೆ ಮೊರ ಮುಚ್ಚಿ ಕಟ್ಟಿದ ಬಾಗಿನವನ್ನು ಕಂಕುಳಲ್ಲಿಟ್ಟುಕೊಂಡು ಹೋಗುವರು. ಅದು ಬರುವವರೆಗೆ ಅತ್ತೆ ತುತ್ತು ಮುಟ್ಟುವವಳಲ್ಲ. ಒಂದು ವರ್ಷವೂ ತಪ್ಪಿರಲಿಲ್ಲ.

ಈ ವರ್ಷ ಮಾವನಿಗೆ ದೆಹಲಿಗೆ ವರ್ಗವಾಯಿತು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ, ನೀನು ಬರಬೇಡ, ಅಂಚೆಯಲ್ಲಿ ಕಳಿಸಿಬಿಡು ಎಂದು ಅತ್ತೆ ಫೋನು ಮಾಡಿದಳು. ಚಿಕ್ಕಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು.

"ತವರುಮನೆ ಅಂಚೇಲಿ ಬತ್ತದೇನ್ಲಾ?"

ವಿಮಾನದಲ್ಲಾದರೆ ಎರಡೂಮುಕ್ಕಾಲು ಗಂಟೆ ಎಂದೆ. ಮುಖ ಅರಳಿತು.

"ಬರೀ ಎರಡೂಮುಕ್ಕಾಲು ಮಳವಳ್ಳಿನಾ? ಸುಮ್ಕೆ ಎದುರ್ಸ್‌ಬುಟ್ಳಲ್ಲಾ ಅವ್ಳು."

ಹಬ್ಬದ ದಿನ ಬೆಳಗಿನ ಜಾವ ಹೊರಟೆವು. ಬೆಂಗಳೂರು ದಾಟಿ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಮೂರೂಕಾಲು ಮಳವಳ್ಳಿ ಹಿಡಿಯಿತು. ದೆಹಲಿಯೇನೋ ಹತ್ತಿರವೇ ಇದೆ, ನಿಲ್ದಾಣವನ್ನು ದೂರ ಕಟ್ಟಿದ್ದಾರೆ ಎಂದು ಚಿಕ್ಕಪ್ಪ ತೀರ್ಪಿತ್ತರು. ಒಳಗೆ ತಪಾಸಣೆಯವರು ಮೊರ ಬಿಚ್ಚಿ ಎಂದರು. ತಂಗಿಯ ಕೈ ಬೀಳುವ ಮೊದಲು ಬಾಗಿನ ಬಿಚ್ಚುವುದುಂಟೆ? ಚಿಕ್ಕಪ್ಪ ಅದನ್ನು ಎದೆಗವಚಿಕೊಂಡು ಕಂಬದಂತೆ ನಿಂತರು. ಹಿಂದೆ ಸಾಲು ಬೆಳೆಯಿತು. ದೆಹಲಿ ತಪ್ಪಿತೆಂದೇ ನಾನು ಭಾವಿಸಿದೆ. ಅಷ್ಟರಲ್ಲಿ ಹಿರಿಯ ಅಧಿಕಾರಿಣಿಯೊಬ್ಬರು ಬಂದು, ಕಟ್ಟಿದ ದಾರ ನೋಡಿ, ಬಿಚ್ಚುವುದು ಬೇಡ, ಯಂತ್ರದಲ್ಲಿ ಇನ್ನೊಮ್ಮೆ ಕಳಿಸಿ ಎಂದರು. ಬಳೆ, ಬಾಚಣಿಗೆ, ಬೆಲ್ಲದಚ್ಚು ಎಲ್ಲವೂ ಪರದೆಯ ಮೇಲೆ ಮೂಡಿದವು.

"ಮಿಸಿನ್ನು ನೋಡ್ಲಿ ಬುಡು," ಎಂದರು ಚಿಕ್ಕಪ್ಪ, "ಅದ್ಕೇನು ಕೈ ಇಲ್ವಲ್ಲ."

ದೆಹಲಿಯ ಮೇಲೆ ವಿಮಾನ ಅರ್ಧ ಗಂಟೆ ಗಿರಕಿ ಹೊಡೆಯಿತು. ಚಿಕ್ಕಪ್ಪ ಗಡಿಯಾರ ನೋಡಿ ನೋಡಿ ಬೆವರಿದರು. ತಂಗಿ ಹಸಿದಿರುತ್ತಾಳೆ, ನಾವಿಬ್ಬರು ಇಲ್ಲೇ ಇಳಿದುಕೊಳ್ಳುತ್ತೇವೆಂದು ಡ್ರೈವರಿಗೆ ಹೇಳು ಎಂದು ನನ್ನನ್ನು ಪೀಡಿಸಿದರು.

ನಾವು ಬರುವುದನ್ನು ಯಾರಿಗೂ ತಿಳಿಸಿರಲಿಲ್ಲ. ಆದರೂ ಅತ್ತೆಯ ಮನೆಯ ಬಾಗಿಲು ತೆರೆದೇ ಇತ್ತು. ಬೆಳಗಿನಿಂದ ಇವಳು ಚಿಲಕ ಹಾಕಲು ಬಿಟ್ಟಿಲ್ಲವೆಂದು ಮಾವ ದೂರು ಹೇಳಿದರು. ಅತ್ತೆ ಒಳಗಿಂದ ಬಂದವಳು ಅಣ್ಣನನ್ನೂ ಮೊರವನ್ನೂ ನೋಡಿ ಅಲ್ಲೇ ನಿಂತಳು.

"ಬರ್ಬ್ಯಾಡ ಅಂದ್ರೆ ತಲೇಗ್ ಓಗಕಿಲ್ವಾ ನಿಂಗೆ?" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಕ್ಕಪ್ಪ ಬಾಗಿನವನ್ನು ಅವಳ ಮಡಿಲಿಗಿಟ್ಟರು. ಅತ್ತೆ ದಾರ ಬಿಚ್ಚಿದಳು. ಬಳೆಗಳಲ್ಲಿ ಒಂದೂ ಒಡೆದಿರಲಿಲ್ಲ.

ಚಿಕ್ಕಪ್ಪನ ಗಡಿಯಾರದ ಪ್ರಕಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅತ್ತೆ ಊಟಕ್ಕೆ ಕುಳಿತಳು.