ಹಿಡಿ ಪಕ್ಕದಲ್ಲಿರುವ ಹೂಜಿ

ಸಂಗತಿಗಳು ಇಷ್ಟೇ. ನಾನು ವಿನ್ಯಾಸ ಓದಿದ ಪದವೀಧರೆ. ಪಿಂಗಾಣಿ ಹೂಜಿಗಳನ್ನು ಕೈಯಿಂದಲೇ ಮಾಡುತ್ತೇನೆ. ಅವು ಜಪಾನಿನ ಹಸಿರು ಚಹಾ ತಯಾರಿಸಿ ಬಡಿಸುವುದಕ್ಕೆ. ಹಿಡಿ ಮೂತಿಯ ಎದುರಿಗಿರದೆ ಪಕ್ಕದಲ್ಲಿರುತ್ತದೆ. ಮೂತಿಯ ಬುಡದಲ್ಲಿ ಎಲೆ ತಡೆಯುವ ಸಣ್ಣ ತೂತುಗಳಿರುತ್ತವೆ. ಒಂದರಲ್ಲಿ ಎರಡು ಪುಟ್ಟ ಬಟ್ಟಲು ಚಹಾ ಆಗುತ್ತದೆ. ಇವು ಯಾವುವೂ ದೋಷಗಳಲ್ಲ. ಮಳೆಗಾಲದೊಳಗೆ ಒಂದು ದೊಡ್ಡ ಆರ್ಡರ್ ಸಿಗದಿದ್ದರೆ ಇದನ್ನು ಬಿಟ್ಟು ಬಿ.ಎಡ್. ಸೇರುವುದಾಗಿ ಅಮ್ಮನಿಗೆ ಮಾತು ಕೊಟ್ಟಿದ್ದೆ. ಇಷ್ಟು ಸ್ಪಷ್ಟವಾದ ವಿಷಯದಲ್ಲೂ ಮುಂದಿನಂಥವು ನಡೆಯುತ್ತಲೇ ಇರುತ್ತವೆ.

ಪರ್ಕಳ

ನನ್ನ ಬಾಡಿಗೆ ಕೋಣೆಯ ಯಜಮಾನಿ ಒಂದು ದಿನ ಒಳಗೆ ಬಂದು ಹೂಜಿಯನ್ನು ತಿರುಗಿಸಿ ನೋಡಿದರು. "ಬೇಸರ ಮಾಡ್ಬೇಡ ಮಗಾ, ಮೊದಲು ಎಲ್ಲರಿಗೂ ಹೀಗೇ ಆಗುವುದು" ಎಂದರು. ಹಿಡಿ ಅಲ್ಲಿರಬೇಕಾದದ್ದೇ ಎಂದು ಮಣಿಕಟ್ಟು ತಿರುಗಿಸಿ ತೋರಿಸಿದೆ. ಸಂಪೂರ್ಣವಾಗಿ ಅರ್ಥವಾಯಿತು ಎಂದರು. ಮರುದಿನ ಬಂದು ಒಂದು ಅಂಟಿನ ಟ್ಯೂಬ್ ಕೊಟ್ಟು, ಇದು ಗಟ್ಟಿ ಉಂಟು, ಕಳಚಿ ಹಿಂದೆ ಅಂಟಿಸಬಹುದು ಎಂದು ಧೈರ್ಯ ಹೇಳಿದರು.

ಕಾರ್ಕಳ

ಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಒಂದನ್ನು ಉಡುಗೊರೆ ಕೊಟ್ಟೆ. ತಿಂಗಳ ನಂತರ ಹೋದಾಗ ಅದು ಅಡುಗೆಮನೆಯಲ್ಲಿರಲಿಲ್ಲ. ಬಂದವರು ಕಾಲು ತೊಳೆಯಲೆಂದು ಜಗಲಿಯ ಮೆಟ್ಟಿಲ ಬಳಿ ನೀರು ತುಂಬಿಸಿಟ್ಟಿದ್ದರು. ಮೂತಿ ಇದ್ದದ್ದೆಲ್ಲ ಮಾವನಿಗೆ ಗಿಂಡಿಯೇ. ನಾನು ಬಾಯಿ ತೆರೆಯುವ ಮೊದಲೇ ಅವರು ಹೊಗಳಿದರು. "ಧಾರೆ ಭಾರೀ ಚಂದ ಉಂಟು. ಆದರೆ ಒಂದು ಕಾಲಿಗೆ ಮಾತ್ರ ಸಾಕಾಗ್ತದೆ. ಇನ್ನೊಂದು ಕಳಿಸು."

ಕಾಪು

ಕಡಲತೀರದ ರೆಸಾರ್ಟೊಂದು ಜಪಾನಿ ಅತಿಥಿಗಳಿಗಾಗಿ ಇಪ್ಪತ್ತು ಹೂಜಿ ಬೇಕಾಗಬಹುದೆಂದು ಕರೆಯಿತು. ವ್ಯವಸ್ಥಾಪಕರ ಎದುರು ನೀರನ್ನು ಹದಕ್ಕೆ ಆರಿಸಿ, ಎಲೆ ಹಾಕಿ, ಒಂದು ನಿಮಿಷ ಕಾದು ಬಡಿಸಿದೆ. ಅವರು ಒಂದು ಗುಟುಕು ಕುಡಿದು ಬಟ್ಟಲನ್ನು ಮರ್ಯಾದೆಯಿಂದ ಕೆಳಗಿಟ್ಟರು. ಗಂಟಲು ನೋವಿಗೆ ಒಳ್ಳೆಯದಿರಬಹುದು, ಆರ್ಡರ್ ವಿಷಯ ಮತ್ತೆ ನೋಡುವ ಎಂದರು. ಬಿ.ಎಡ್. ಅರ್ಜಿ ಕಣ್ಣೆದುರು ಬಂತು.

ಹೂಜಿ ತೊಳೆದು ಕೊಡುತ್ತೇನೆಂದು ಒಳಗೆ ಒಯ್ದ ಹಿರಿಯ ಅಡುಗೆಯವರು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕುತ್ತ ಹೋದೆವು. ಸಭಾಂಗಣದಲ್ಲಿ ಮದುವೆ ಊಟದ ಪಂಕ್ತಿ ಕುಳಿತಿತ್ತು. ಅವರು ಎಲೆಯಿಂದ ಎಲೆಗೆ ನಡೆಯುತ್ತ ನನ್ನ ಹೂಜಿಯಿಂದ ಅನ್ನಕ್ಕೆ ತುಪ್ಪ ಬಡಿಸುತ್ತಿದ್ದರು. ಸಾಲು ಮುಗಿಸಿ ನಮ್ಮ ಬಳಿ ಬಂದರು.

"ಹಿಡಿ ಪಕ್ಕದಲ್ಲಿ ಇದ್ದದ್ದರಿಂದ ಕೈ ತಿರುಚದೆ ಸಾಲು ಮುಗಿಯಿತು. ಕಾಯಿಸುವಾಗ ಹಾಕಿದ ವೀಳ್ಯದೆಲೆ ಒಳಗೇ ನಿಲ್ತದೆ. ತುಪ್ಪವೂ ಜಾಸ್ತಿ ಬೀಳುವುದಿಲ್ಲ. ಪಂಕ್ತಿ ಬಡಿಸಿ ಗೊತ್ತಿದ್ದವರೇ ಮಾಡಿದ್ದು ಇದು, ಅಲ್ವಾ?"

ವ್ಯವಸ್ಥಾಪಕರಿಗೆ ಕೇಳಿಸಿದ್ದು ತುಪ್ಪ ಜಾಸ್ತಿ ಬೀಳುವುದಿಲ್ಲ ಎಂಬುದೊಂದೇ. ಅಲ್ಲೇ ನಲವತ್ತಕ್ಕೆ ಆರ್ಡರ್ ಕೊಟ್ಟರು. ಆ ಕ್ಷಣದಲ್ಲಿ ನಾನು ಜಪಾನಿನ ಪರವಾಗಿ ಎರಡು ಮಾತು ಆಡಬೇಕಿತ್ತು. ಆಡಲಿಲ್ಲ.

ಓದಿದವರು ದಯವಿಟ್ಟು ಇದನ್ನು ಪರಿಚಿತರಿಗೂ ಕಳುಹಿಸಿ: ಇವು ಚಹಾದ ಹೂಜಿಗಳು, ಬೇರೆ ಯಾವ ಕೆಲಸಕ್ಕೂ ಅಲ್ಲ. ತುಪ್ಪಕ್ಕೆ ಬೇಕಾದವರು ಹದಿನೈದು ದಿನ ಮುಂಚಿತವಾಗಿ ತಿಳಿಸಬೇಕು.